ಜಾಹೀರಾತು ನೋಡಿಯೂ ಏನನ್ನೂ ಕೊಳ್ಳದವರ ಮೇಲೆ ಅದರ ಪ್ರಭಾವ ಇರುತ್ತದೆಯೇ?

ಜಾಹೀರಾತು, ರೀಲ್ಸ್ ಎಲ್ಲವನ್ನೂ ನೋಡುತ್ತೇನೆ, ಆದರೆ ಮರುಳಾಗಿ ಏನನ್ನೂ ಕೊಳ್ಳುವುದಿಲ್ಲ. ಹೀಗಿರುವಾಗ ‘ನಾನು ಯಾರು’ ಎಂಬ ನನ್ನ ಭಾವನೆಯನ್ನು ಅವು ಹೇಗೆ ತಿದ್ದಿಯಾವು ಎಂದು ನೀವು ಕೇಳಿದ್ದೀರಿ. ನಾನು ಕುಮಟಾದಲ್ಲಿ ಫೋಟೋ ಸ್ಟುಡಿಯೋ ನಡೆಸುತ್ತೇನೆ. ಜನ ತಮ್ಮ ಮುಖವನ್ನು ತಾವೇ ನೋಡಿಕೊಂಡು ಒಪ್ಪುವ ಅಥವಾ ಒಪ್ಪದಿರುವ ಗಳಿಗೆಯಲ್ಲಿ ಪಕ್ಕದಲ್ಲಿ ನಿಂತಿರುವುದೇ ನನ್ನ ಕಸುಬು. ಅಲ್ಲಿಂದ ನೋಡಿದರೆ, ಕೊಳ್ಳದಿದ್ದವರಿಗೆ ಹಣ ಉಳಿಯುತ್ತದೆ ನಿಜ, ಆದರೆ ತಮ್ಮನ್ನು ಅಳೆದುಕೊಳ್ಳುವ ಕೋಲು ಅವರಿಗೂ ಬದಲಾಗಿರುತ್ತದೆ.

ಮನುಷ್ಯ ತನ್ನನ್ನು ಇತರರ ಪಕ್ಕದಲ್ಲಿಟ್ಟು ಅಳೆಯುತ್ತಾನೆ, ಅದಕ್ಕೆ ಹೆಚ್ಚಾಗಿ ತನ್ನಂಥವರನ್ನೇ ಆರಿಸಿಕೊಳ್ಳುತ್ತಾನೆ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಜರ್ 1954ರಲ್ಲೇ ವಿವರಿಸಿದ್ದರು. ಹಿಂದೆ ಆ ‘ತನ್ನಂಥವರು’ ಕೇರಿಯವರು, ನೆಂಟರಿಷ್ಟರು, ಜೊತೆಗೆ ಓದಿದವರು ಆಗಿದ್ದರು; ಅವರ ಮೊಡವೆಯೂ ಸಾಲವೂ ನಮಗೆ ಗೊತ್ತಿರುತ್ತಿತ್ತು. ಈಗ ಆ ಜಾಗಕ್ಕೆ ಪರದೆಯ ಮೇಲಿನವರು ಬಂದಿದ್ದಾರೆ. ಫಿಜಿ ದೇಶದ ನಡ್ರೋಗಾ ಪ್ರಾಂತ್ಯದಲ್ಲಿ ಏನಾಯಿತು ನೋಡಿ. ಮೈತುಂಬಿಕೊಂಡ ದೇಹವನ್ನೇ ಚೆಲುವೆಂದು ಎಣಿಸುತ್ತಿದ್ದ ಆ ಊರುಗಳಿಗೆ 1995ರಲ್ಲಿ ಟಿವಿ ಬಂತು. ಹಾರ್ವರ್ಡ್‌ನ ಸಂಶೋಧಕಿ ಆನ್ ಬೆಕರ್ ಆ ವರ್ಷವೂ 1998ರಲ್ಲೂ ಅಲ್ಲಿನ ಶಾಲಾ ಹುಡುಗಿಯರನ್ನು ಸಮೀಕ್ಷಿಸಿದರು. ತೂಕ ಇಳಿಸಲು ಬೇಕೆಂದೇ ವಾಂತಿ ಮಾಡಿಕೊಳ್ಳುವವರು ಮೊದಲ ಸಲ ಒಬ್ಬರೂ ಇರಲಿಲ್ಲ, ಎರಡನೆಯ ಸಲ ಶೇ. 11.3ರಷ್ಟಿದ್ದರು, ತಾವು ದಪ್ಪ ಎಂದು ಒಮ್ಮೊಮ್ಮೆಯಾದರೂ ಅನಿಸುತ್ತದೆ ಎಂದವರು ಶೇ. 74. ಅವರು ನೋಡುತ್ತಿದ್ದುದು ಬಹುಪಾಲು ಹೊರದೇಶದ ಧಾರಾವಾಹಿಗಳನ್ನು. ಕೊಳ್ಳುವ ಮಾತು ಬರುವ ಮೊದಲೇ ನೋಟ ಬದಲಾಗಿತ್ತು.

ನನ್ನ ಸ್ಟುಡಿಯೋದಲ್ಲಿ ಈ ಕೋಲು ಹೆಚ್ಚಾಗಿ ಬಣ್ಣವನ್ನೇ ಅಳೆಯುತ್ತದೆ. ಬಣ್ಣದ ತಾರತಮ್ಯವನ್ನು ಜಾಹೀರಾತು ಹುಟ್ಟಿಸಲಿಲ್ಲ ಎನ್ನುವುದನ್ನು ಒಪ್ಪಿಯೇ ಮುಂದೆ ಹೋಗಬೇಕು. ಎಣ್ಣೆಗಪ್ಪು, ಗೋಧಿಬಣ್ಣ ಎಂದು ಹೆಣ್ಣು ನೋಡಲು ಹೋದವರು ತೂಗಿ ಮಾತಾಡುತ್ತಿದ್ದುದು ಬೆಳ್ಳಗಾಗಿಸುವ ಕ್ರೀಮಿಗಿಂತ ಬಹಳ ಹಳೆಯದು. ಆದರೆ ಅಂದು ಕಪ್ಪು ಬಣ್ಣ ಹಣೆಬರಹವಾಗಿತ್ತು. 1975ರಲ್ಲಿ ಫೇರ್ ಅಂಡ್ ಲವ್ಲಿ ಮಾರುಕಟ್ಟೆಗೆ ಬಂದು, ಟ್ಯೂಬೊಂದು ಹಳ್ಳಿಯ ಕಿರಾಣಿ ಅಂಗಡಿಯಲ್ಲೂ ಸಿಗತೊಡಗಿದ ಮೇಲೆ, ಕಪ್ಪಾಗಿಯೇ ಉಳಿದವಳು ತನ್ನ ಬಗ್ಗೆ ತಾನೇ ಕಾಳಜಿ ಮಾಡದವಳು ಎಂಬ ಅರ್ಥ ಹುಟ್ಟಿಕೊಂಡಿತು. ಇಲ್ಲದ ಕೊರತೆಯನ್ನು ಸೃಷ್ಟಿಸುವುದಕ್ಕಿಂತ, ಇರುವುದೊಂದನ್ನು ನಮ್ಮದೇ ತಪ್ಪಾಗಿ ಮಾಡಿ ತೋರಿಸುವುದು ಮಾರಾಟಗಾರರಿಗೆ ಸುಲಭ. ಬಣ್ಣದ ಕಾರಣಕ್ಕೆ ಯಾರನ್ನೂ ಕೀಳಾಗಿ ತೋರಿಸಬಾರದೆಂದು ಜಾಹೀರಾತು ಮಾನದಂಡ ಮಂಡಳಿ 2014ರಲ್ಲಿ ಮಾರ್ಗಸೂಚಿ ಹೊರಡಿಸಿತು, 2020ರಲ್ಲಿ ಆ ಕ್ರೀಮಿನ ಹೆಸರು ಗ್ಲೋ ಅಂಡ್ ಲವ್ಲಿ ಎಂದಾಯಿತು. ‘ಸ್ವಲ್ಪ ಬೆಳ್ಳಗೆ ಮಾಡಿಕೊಡಿ’ ಎಂಬ ಕೋರಿಕೆ ಮಾತ್ರ ನನ್ನಲ್ಲಿ ನಿಂತಿಲ್ಲ. (ಗಂಡಸರೂ ಕೇಳುತ್ತಾರೆ, ದನಿ ತಗ್ಗಿಸಿ.) ನನ್ನ ಕಸುಬಿನ ಸಲಕರಣೆಯೂ ಇದರಿಂದ ಹೊರಗಿಲ್ಲ: ಕಲರ್ ಫಿಲ್ಮಿನ ಕಾಲದಲ್ಲಿ ಕೊಡಕ್ ಕಂಪನಿ ಪ್ರಿಂಟಿನ ಬಣ್ಣ ಹೊಂದಿಸಲು ಲ್ಯಾಬುಗಳಿಗೆ ಕೊಡುತ್ತಿದ್ದ ಶರ್ಲಿ ಕಾರ್ಡಿನಲ್ಲಿ ಬಹಳ ವರ್ಷ ಇದ್ದುದು ಬಿಳಿಯ ಹೆಣ್ಣಿನ ಮುಖವೇ.

ಇದರ ಇನ್ನೊಂದು ಮುಖವೂ ನಮ್ಮ ಜಿಲ್ಲೆಯಲ್ಲೇ ಕಾಣುತ್ತದೆ. ಅಂಕೋಲಾ ತಾಲ್ಲೂಕಿನ ಹಾಲಕ್ಕಿ ಸಮುದಾಯದ, ಗಿಡ ನೆಟ್ಟು ಬೆಳೆಸಿ ಹೆಸರಾದ ತುಳಸಿ ಗೌಡರು 2021ರ ನವೆಂಬರಿನಲ್ಲಿ ಬರಿಗಾಲಲ್ಲಿ, ಮಣಿಸರ ತೊಟ್ಟು, ತಮ್ಮವರ ರೀತಿಯಲ್ಲೇ ಸೀರೆಯುಟ್ಟು ರಾಷ್ಟ್ರಪತಿಗಳಿಂದ ಪದ್ಮಶ್ರೀ ಸ್ವೀಕರಿಸಿದ ಚಿತ್ರ ದೇಶದ ಎಲ್ಲ ಮೊಬೈಲುಗಳಿಗೂ ತಲುಪಿತು. ಅವರಿಗೆ ಅದು ವೇಷವಾಗಿರಲಿಲ್ಲ, ದಿನದ ಉಡುಪು. ಅದೇ ಉಡುಪನ್ನು ಈಗ ಗೋಕರ್ಣಕ್ಕೆ ಮದುವೆ ಮುಂಚಿನ ಫೋಟೋ ತೆಗೆಸಲು ಬರುವ ನಗರದ ಜೋಡಿಗಳು ‘ಟ್ರೈಬಲ್ ಲುಕ್’ ಎಂದು ಕೇಳುತ್ತಾರೆ. ನನ್ನಲ್ಲಿಗೆ ಬರುವ ಹಾಲಕ್ಕಿ ಹುಡುಗಿಯರೋ ಧಾರಾವಾಹಿಯ ಸೊಸೆಯಂತೆ ಕಾಣಬೇಕೆನ್ನುತ್ತಾರೆ. ನನಗೆ ಆ ಹುಡುಗಿಯರ ಮೇಲೆ ಬೇಸರವಿಲ್ಲ, ಅಜ್ಜಿಯ ಉಡುಪಿನಲ್ಲೇ ಉಳಿಯಿರಿ ಎನ್ನಲು ನಾನು ಯಾರು? ಆದರೆ ಒಬ್ಬರ ಮುಜುಗರವೇ ಇನ್ನೊಬ್ಬರ ಶೋಕಿಯಾಗಿ ಮಾರಾಟವಾಗುವಾಗ, ಯಾವುದು ಯಾವಾಗ ಚೆಂದ ಎಂಬುದನ್ನು ತೀರ್ಮಾನಿಸುವವರು ಈ ಇಬ್ಬರೂ ಅಲ್ಲ ಎನ್ನುವುದು ಸ್ಪಷ್ಟವಾಗುತ್ತದೆ.

ನಿಮ್ಮ ವಿಷಯಕ್ಕೆ ಬರುತ್ತೇನೆ. ಮೊಬೈಲಿನಲ್ಲಿ ನೀವು ತೆಗೆದು ಅಳಿಸಿಹಾಕಿದ ನಿಮ್ಮದೇ ಫೋಟೋಗಳನ್ನು ನೆನಪಿಸಿಕೊಳ್ಳಿ. ಅವು ಯಾರ ಕಣ್ಣಿಗೆ ಚೆನ್ನಾಗಿಲ್ಲವೆಂದು ಅಳಿಸಿದಿರಿ ಎಂದು ಕೇಳಿಕೊಂಡರೆ ಉತ್ತರ ಬಹುಶಃ ನಿಮ್ಮ ಮನೆಯವರ ಹೆಸರಾಗಿರುವುದಿಲ್ಲ. ಇನ್ನು, ‘ನಾನು ಏನನ್ನೂ ಕೊಳ್ಳದವನು’ ಎಂಬ ಗುರುತಿಗೂ ಮಾರುಕಟ್ಟೆಯಲ್ಲಿ ಜಾಗವಿದೆ: ಸಾವಯವ ಬೆಲ್ಲ, ಕೈಮಗ್ಗದ ಅಂಗಿ, ಶಿರಸಿಯ ಅಡಿಕೆ ತೋಟದ ನಡುವಿನ ಹೋಮ್‌ಸ್ಟೇ ಎಲ್ಲವೂ ನಿಮ್ಮಂಥವರ ಹೆಸರಿನಲ್ಲೇ ಮಾರಾಟವಾಗುತ್ತಿವೆ, ಬೆಲೆಯೂ ಸ್ವಲ್ಪ ಹೆಚ್ಚೇ.