ಹುಬ್ಬಳ್ಳಿಯ ಅಂಚಿನಲ್ಲಿ ನಿವೇಶನ ನೋಡಿದ್ದೇನೆ. ಅದು ಯಾವ ವಾರ್ಡ್, ಯಾವ ವಲಯ ಎಂದು ತೋರಿಸುವ ನಕ್ಷೆ ಎಲ್ಲಿದೆ?

ಎರಡೂ ಒಂದೇ ನಕ್ಷೆಯಲ್ಲಿ ಸಿಗುವುದಿಲ್ಲ. ವಾರ್ಡ್ ಗಡಿ ಚುನಾವಣೆಗಾಗಿ ಎಳೆದದ್ದು. 2021ರ ಹುಬ್ಬಳ್ಳಿ-ಧಾರವಾಡ ಜಂಟಿ ಪಾಲಿಕೆ ಚುನಾವಣೆ ನಡೆದದ್ದು 82 ವಾರ್ಡ್‌ಗಳಿಗೆ. ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ರಚಿಸಲು 2025ರ ಜನವರಿಯಲ್ಲಿ ಸಚಿವ ಸಂಪುಟ ಒಪ್ಪಿದ ಮೇಲೆ ಹಳೆಯ ವಾರ್ಡ್ ನಕ್ಷೆಯನ್ನು ಕಣ್ಣುಮುಚ್ಚಿ ನಂಬಬೇಡಿ.

ನಿಮಗೆ ನಿಜವಾಗಿ ಬೇಕಾದದ್ದು ವಲಯ, ಅಂದರೆ ಆ ಜಾಗವನ್ನು ವಸತಿ, ವಾಣಿಜ್ಯ ಮುಂತಾದ ಯಾವ ಬಳಕೆಗೆ ಗುರುತಿಸಿದ್ದಾರೆ ಎಂಬುದು. ಅದನ್ನು ನಿರ್ಧರಿಸುವುದು ಪಾಲಿಕೆಯಲ್ಲ, ಹುಬ್ಬಳ್ಳಿ-ಧಾರವಾಡ ನಗರಾಭಿವೃದ್ಧಿ ಪ್ರಾಧಿಕಾರದ ಮಹಾಯೋಜನೆ (ಮಾಸ್ಟರ್ ಪ್ಲಾನ್). ಅದರಲ್ಲಿ ಸಾಮಾನ್ಯವಾಗಿ ಹಳದಿ ವಸತಿ, ನೀಲಿ ವಾಣಿಜ್ಯ, ನೇರಳೆ ಕೈಗಾರಿಕೆ, ಹಸಿರು ಉದ್ಯಾನ. ಆದರೂ ನಕ್ಷೆಯ ಮೂಲೆಯ ಸೂಚಿಯನ್ನು ಓದದೆ ಬಣ್ಣ ನೋಡಿ ಮುಂಗಡ ಕೊಡಬೇಡಿ.

ಮೊದಲು ಮೊಬೈಲಿನಲ್ಲಿ ದಿಶಾಂಕ್ ಎಂಬ ಸರ್ಕಾರಿ ಭೂ ನಕ್ಷೆ ಆ್ಯಪ್ ತೆರೆದು ಜಾಗದಲ್ಲೇ ನಿಂತು ನೋಡಿ: ಗ್ರಾಮದ ಹೆಸರು, ಸರ್ವೆ ನಂಬರ್ ಬರುತ್ತದೆ. ಆ ಸರ್ವೆ ನಂಬರನ್ನು ಮಹಾಯೋಜನೆಯ ನಕ್ಷೆಯಲ್ಲಿ ಹುಡುಕಿ. ಜಿಪಿಎಸ್ ಕೆಲವು ಮೀಟರ್ ಆಚೀಚೆ ತೋರಿಸಬಹುದು, ಬದುವಿನ ಪಕ್ಕದ ನಿವೇಶನವಾದರೆ ಪಕ್ಕದ ಹೊಲದ ನಂಬರೇ ಬಂದೀತು. ಆದ್ದರಿಂದ ಪಹಣಿಯೊಂದಿಗೆ ತಾಳೆ ನೋಡಿ. ಏಜೆಂಟರು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವ ಬಣ್ಣದ ಚಿತ್ರಕ್ಕೆ ಬೆಲೆಯಿಲ್ಲ. ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟು ಸರ್ವೆ ನಂಬರಿನ ವಲಯವನ್ನು ಲಿಖಿತವಾಗಿ ಪಡೆಯಿರಿ.