ಡಿಎನ್‌ಡಿ ಹಾಕಿಸಿದರೂ ಕರೆ ನಿಂತಿಲ್ಲ, ಏಕೆ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಮತ್ತದೇ ಪ್ರಶ್ನೆ. ಡಿಎನ್‌ಡಿ (ಪ್ರಚಾರದ ಕರೆ ಬೇಡ ಎಂದು ನಂಬರನ್ನು ಸೇರಿಸುವ ಪಟ್ಟಿ) ಹಾಕಿಸುವುದು ಹೇಗೆ ಎಂದು ಇನ್ನೊಮ್ಮೆ ಬರೆಯುವುದಿಲ್ಲ. 1909ಕ್ಕೆ ಫೋನ್ ಮಾಡಿ, ಅಲ್ಲೇ ಆಗುತ್ತದೆ.

ಡಿಎನ್‌ಡಿ ಹಾಕಿಸಿ ವರ್ಷವಾಯಿತು. ಆದರೂ ಸಾಲ ಬೇಕಾ, ಸೈಟು ಬೇಕಾ ಎಂದು ದಿನಕ್ಕೆ ಐದಾರು ಕರೆ. ಇದು ಬರೀ ಕಣ್ಣೊರೆಸುವ ತಂತ್ರವೇ?

ಅಲ್ಲ. ಡಿಎನ್‌ಡಿ ತಡೆಯುವುದು ನೋಂದಣಿ ಮಾಡಿಸಿಕೊಂಡ ಕಂಪನಿಗಳ ಪ್ರಚಾರದ ಕರೆಗಳನ್ನು. ಅವರ ನಂಬರು 140ರಿಂದ ಶುರುವಾಗಬೇಕು. ನಿಮ್ಮನ್ನು ಕಾಡುತ್ತಿರುವುದು ಮಾಮೂಲಿ 10 ಅಂಕಿಯ ಮೊಬೈಲ್ ನಂಬರುಗಳು, ಅಲ್ವಾ? ಅವರು ಡಿಎನ್‌ಡಿ ಪಟ್ಟಿಯ ಕಡೆ ತಲೆ ಹಾಕುವವರೇ ಅಲ್ಲ. ಅವರಿಗೆ ದೂರೇ ಮದ್ದು. ನೀವು ಬ್ಲಾಕ್ ಮಾಡಿ ಸುಮ್ನಾದರೆ ನಿಮ್ಮ ಫೋನ್ ಮಾತ್ರ ತಣ್ಣಗಾಗುತ್ತದೆ, ಅವರ ಸಿಮ್ ಓಡುತ್ತಲೇ ಇರುತ್ತದೆ.

ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2025ರ ಫೆಬ್ರವರಿಯಲ್ಲಿ ನಿಯಮ ಬಿಗಿ ಮಾಡಿತು. ಮೊದಲು 3 ದಿನದೊಳಗೆ ದೂರು ಕೊಡಬೇಕಿತ್ತು, ಈಗ 7 ದಿನ. ಮೊದಲು 7 ದಿನದಲ್ಲಿ 10 ದೂರು ಬಿದ್ದರೆ ಕ್ರಮ ಎಂದಿತ್ತು. ಈಗ 10 ದಿನದಲ್ಲಿ 5 ದೂರು ಸಾಕು. ಇಂಥ ನೋಂದಣಿ ಇಲ್ಲದವರ ಮೇಲೆ ದೂರು ಕೊಡಲು ನೀವು ಡಿಎನ್‌ಡಿ ಹಾಕಿಸಿರಲೇಬೇಕು ಎಂದೂ ಇಲ್ಲ. ಕರೆ ಬಂದ ನಂಬರು, ತಾರೀಖು, ಏನು ಮಾರಲು ಬಂದರು ಎಂಬ ಒಂದು ಸಾಲು, ಇಷ್ಟನ್ನು 1909ಕ್ಕೆ ತಿಳಿಸಿ. ಟ್ರಾಯ್‌ನ ಡಿಎನ್‌ಡಿ ಆ್ಯಪ್‌ನಲ್ಲೂ ಕೊಡಬಹುದು. ನಿಮ್ಮದೇ ಐದನೇ ದೂರು ಆಗಬಹುದು, ದಯವಿಟ್ಟು ಬಿಡಬೇಡಿ.

ಇನ್ನೊಂದು ದಾರಿಯನ್ನು ನಾವೇ ತೆರೆದಿಟ್ಟಿರುತ್ತೇವೆ. ಸೀರೆ ಅಂಗಡಿಯ ಬಿಲ್ ಕೌಂಟರಿನಲ್ಲಿ ನಂಬರ್ ಕೇಳುತ್ತಾರೆ, ಹೇಳಿಬಿಡುತ್ತೇವೆ. ಲಕ್ಕಿ ಡ್ರಾ ಚೀಟಿಯ ಕೆಳಗೆ ಸಣ್ಣಕ್ಷರದಲ್ಲಿ ಒಪ್ಪಿಗೆ ಇರುತ್ತದೆ, ಓದದೆ ಸಹಿ ಹಾಕುತ್ತೇವೆ. ಹಾಗೆ ನಾವು ಯಾರಿಗೆ ಒಪ್ಪಿಗೆ ಕೊಟ್ಟಿದ್ದೇವೋ ಅವರ ಕರೆಯನ್ನು ಡಿಎನ್‌ಡಿ ತಡೆಯುವುದಿಲ್ಲ. ನಮ್ಮ ಅಮ್ಮ ದೋಸೆ ಹಿಟ್ಟಿನ ಕೈಯಲ್ಲೇ ಓಡಿ ಬಂದು, ಮೊಣಕೈಯಿಂದ ಸ್ಪೀಕರ್ ಒತ್ತಿ, ಆ ಕಡೆಯವರ ಮಾತು ಪೂರ್ತಿ ಕೇಳಿಸಿಕೊಂಡು 'ಬೇಡಪ್ಪ' ಎನ್ನುತ್ತಿದ್ದರು. ಅವರ ನಂಬರನ್ನು ಅಂಥ ಒಂದು ಚೀಟಿಯಲ್ಲಿ ಬರೆದವನು ನಾನೇ. ಅಂದಿನಿಂದ ಯಾವ ಅಂಗಡಿಯಲ್ಲೂ ನಂಬರ್ ಕೊಡುವುದಿಲ್ಲ. ಬಿಲ್ ಕಾಗದದಲ್ಲೇ ಕೊಡಿ ಎನ್ನುತ್ತೇನೆ.

ಚೆನ್ನಾಗಿ ಬೈದರೆ ಮತ್ತೆ ಮಾಡುವುದಿಲ್ಲವಂತೆ?

ಸುಳ್ಳು. ಆ ಕಡೆ ಇರುವುದು ಸಂಬಳಕ್ಕೆ ಕೂತ ಹುಡುಗಿ. ಬೈಯಬೇಡಿ, ದೂರು ಕೊಡಿ.

500 ರೂಪಾಯಿಗೆ ಪರ್ಮನೆಂಟ್ ಡಿಎನ್‌ಡಿ ಮಾಡಿಕೊಡುತ್ತೇನೆ ಎಂದು ಒಬ್ಬರು ಹೇಳಿದ್ದಾರೆ.

ಮೋಸ. ಡಿಎನ್‌ಡಿಗೆ ಒಂದು ಪೈಸೆಯೂ ಇಲ್ಲ.

'ಟ್ರಾಯ್‌ನಿಂದ ಕರೆ, ನಿಮ್ಮ ನಂಬರ್ ಬಂದ್ ಆಗುತ್ತದೆ, 9 ಒತ್ತಿ' ಎಂದು ಬಂತು. ಒತ್ತಲೇ?

ಖಂಡಿತ ಬೇಡ. ನಂಬರ್ ಬಂದ್ ಮಾಡುತ್ತೇವೆ ಎಂದು ಟ್ರಾಯ್ ಯಾರಿಗೂ ಫೋನ್ ಮಾಡುವುದಿಲ್ಲ. ಇಂಥ ಕರೆಯನ್ನು ಸರ್ಕಾರದ ಸಂಚಾರ್ ಸಾಥಿ ಜಾಲತಾಣದ 'ಚಕ್ಷು' ವಿಭಾಗದಲ್ಲಿ ವರದಿ ಮಾಡಿ. ದುಡ್ಡು ಹೋಗಿದ್ದರೆ ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬೆಳಿಗ್ಗೆ ನೋಡೋಣ ಎಂದು ಕೂರಬೇಡಿ.