ಪಾರದರ್ಶಕ ಹಿನ್ನೆಲೆಯ ಅನಿಮೇಷನ್ ತುಣುಕು ವಿಡಿಯೊದ ಮೇಲೆ ಕೂರಿಸಿ ಎಕ್ಸ್‌ಪೋರ್ಟ್ ಮಾಡಿದಾಗ ಏಕೆ ಕೆಡುತ್ತದೆ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡಿರುವುದು ಹೀಗೆ: ಸೆಕೆಂಡಿಗೆ 12 ಚಿತ್ರಗಳಂತೆ ನೀವೇ ಬರೆದ, 20 ಸೆಕೆಂಡುಗಳ, ಪಾರದರ್ಶಕ ಹಿನ್ನೆಲೆಯುಳ್ಳ ಒಂದು ಪಾತ್ರದ ಅನಿಮೇಷನ್ ನಿಮ್ಮ ಬಳಿ ಇದೆ. ಫೋನಿನಲ್ಲಿ ಸೆಕೆಂಡಿಗೆ 30 ಫ್ರೇಮಿನಂತೆ ಚಿತ್ರೀಕರಿಸಿದ ವಿಡಿಯೊದ ಮೇಲೆ ಅದನ್ನು ಕೂರಿಸಿ ಎಕ್ಸ್‌ಪೋರ್ಟ್ ಮಾಡಿದರೆ ಪಾತ್ರದ ನಡಿಗೆ ಕುಂಟುತ್ತದೆ, ಸುತ್ತಲೂ ಕಪ್ಪು ಅಂಚು ಕಾಣುತ್ತದೆ, ತೆಳುವಾದ ಕೆಂಪು ಗೆರೆಗಳು ಮಸುಕಾಗುತ್ತವೆ. ಅದೇ ತುಣುಕನ್ನು ಜಿಐಎಫ್ ಮಾಡಿದರೆ ಕಡತ ವಿಪರೀತ ದೊಡ್ಡದಾಗುತ್ತದೆ. ಎಕ್ಸ್‌ಪೋರ್ಟ್ ಮಾಡುವಾಗ ಯಾವ ಆಯ್ಕೆ ತಪ್ಪಿತು ಎಂದು ಕೇಳಿದ್ದೀರಿ. ಈ ನಾಲ್ಕರಲ್ಲಿ ಮೊದಲ ಎರಡು ದೋಷಗಳಿಗೂ ಎಕ್ಸ್‌ಪೋರ್ಟಿಗೂ ಸಂಬಂಧವೇ ಇಲ್ಲ. ಅವು ತುಣುಕು ಎಡಿಟಿಂಗ್ ತಂತ್ರಾಂಶದೊಳಗೆ ಬಂದ ಗಳಿಗೆಯಲ್ಲೇ ಹುಟ್ಟಿರುತ್ತವೆ. ಬಿಟ್‌ರೇಟ್ (ಪ್ರತಿ ಸೆಕೆಂಡಿನ ವಿಡಿಯೊಗೆ ಬಳಸುವ ದತ್ತಾಂಶದ ಪ್ರಮಾಣ) ಎಷ್ಟು ಏರಿಸಿದರೂ ಅವು ಹೋಗುವುದಿಲ್ಲ, ಇನ್ನಷ್ಟು ನಿಚ್ಚಳವಾಗಿ ಕಾಣುತ್ತವೆ ಅಷ್ಟೆ.

ಮೊದಲು ಕುಂಟುವ ನಡಿಗೆಯನ್ನು ನೋಡೋಣ, ಏಕೆಂದರೆ ಅತಿ ಹೆಚ್ಚು ಜನ ದಾರಿ ತಪ್ಪುವುದು ಇಲ್ಲಿಯೇ. ಸೆಕೆಂಡಿಗೆ 12 ಚಿತ್ರಗಳಿರುವ ತುಣುಕನ್ನು ಸೆಕೆಂಡಿಗೆ 24 ಫ್ರೇಮಿನ ಟೈಮ್‌ಲೈನಿನಲ್ಲಿ, ಅಂದರೆ ಎಡಿಟಿಂಗ್ ತಂತ್ರಾಂಶದಲ್ಲಿ ಕ್ಲಿಪ್ಪುಗಳನ್ನು ಜೋಡಿಸುವ ಪಟ್ಟಿಯಲ್ಲಿ, ಇಟ್ಟರೆ ಪ್ರತಿ ಚಿತ್ರವೂ ಸರಿಯಾಗಿ ಎರಡೆರಡು ಫ್ರೇಮುಗಳ ಕಾಲ ನಿಲ್ಲುತ್ತದೆ. ಅದನ್ನೇ 30 ಫ್ರೇಮಿನ ಟೈಮ್‌ಲೈನಿಗೆ ತಂದರೆ ಪ್ರತಿ ಚಿತ್ರಕ್ಕೆ ಎರಡೂವರೆ ಫ್ರೇಮುಗಳ ಪಾಲು ಬರುತ್ತದೆ. ಅರ್ಧ ಫ್ರೇಮ್ ಎಂಬುದು ಇಲ್ಲದ ಕಾರಣ ತಂತ್ರಾಂಶವು ಒಂದು ಚಿತ್ರವನ್ನು ಎರಡು ಫ್ರೇಮು, ಮುಂದಿನದನ್ನು ಮೂರು ಫ್ರೇಮು ಎಂದು ಹಂಚುತ್ತಾ ಹೋಗುತ್ತದೆ. ನೀವು ಸಮನಾದ ಲಯದಲ್ಲಿ ಬರೆದ ಹೆಜ್ಜೆಗಳು ಒಂದು ಗಿಡ್ಡ, ಒಂದು ಉದ್ದ ಆಗುವುದು ಹೀಗೆ. 25 ಫ್ರೇಮಿನ ಟೈಮ್‌ಲೈನಿನಲ್ಲಿ ತೊಂದರೆ ಇನ್ನೂ ಕಪಟವಾದದ್ದು: ಹನ್ನೊಂದು ಚಿತ್ರಗಳು ಎರಡೆರಡು ಫ್ರೇಮು ನಿಂತು ಹನ್ನೆರಡನೆಯದು ಮಾತ್ರ ಮೂರು ಫ್ರೇಮು ನಿಲ್ಲುವುದರಿಂದ ಸೆಕೆಂಡಿಗೊಮ್ಮೆ ಸಣ್ಣದೊಂದು ತಡವರಿಕೆ ಬರುತ್ತದೆ, ಮತ್ತು ಅದು ಎಲ್ಲಿಂದ ಬಂತೆಂದು ತಿಳಿಯದೆ ಕಲಾವಿದರು ತಮ್ಮ ಚಿತ್ರಗಳನ್ನೇ ತಿದ್ದಲು ಕೂರುತ್ತಾರೆ.

ಇದಕ್ಕೆ ತಂತ್ರಾಂಶಗಳೇ ಮುಂದಿಡುವ ಪರಿಹಾರವು ರೋಗಕ್ಕಿಂತ ಕೆಟ್ಟದ್ದು ಎಂಬುದು ನನ್ನ ಅಭಿಪ್ರಾಯ. ಪ್ರೀಮಿಯರ್, ಡಾವಿಂಚಿ ರಿಸಾಲ್ವ್ ಎಂಬ ಎಡಿಟಿಂಗ್ ತಂತ್ರಾಂಶಗಳೆರಡರಲ್ಲೂ ಫ್ರೇಮ್ ದರಗಳು ಹೊಂದದಿದ್ದಾಗ ಏನು ಮಾಡಬೇಕೆಂಬುದಕ್ಕೆ ಮೂರು ದಾರಿಗಳಿವೆ: ಹತ್ತಿರದ ಫ್ರೇಮನ್ನು ಹಾಗೆಯೇ ಎತ್ತಿಕೊಳ್ಳುವುದು, ಅಕ್ಕಪಕ್ಕದ ಎರಡು ಫ್ರೇಮುಗಳನ್ನು ಬೆರೆಸುವುದು, ಚಲನೆಯನ್ನು ಊಹಿಸುವ ಆಪ್ಟಿಕಲ್ ಫ್ಲೋ ಬಳಸಿ ನಡುವಿನ ಫ್ರೇಮನ್ನು ಹೊಸದಾಗಿ ಕಟ್ಟುವುದು. ಕ್ಯಾಮೆರಾದಲ್ಲಿ ತೆಗೆದ ದೃಶ್ಯಕ್ಕೆ ಕೊನೆಯ ಎರಡೂ ಉಪಯುಕ್ತವೇ. ಕೈಯಲ್ಲಿ ಬರೆದ ಅನಿಮೇಷನ್ನಿಗೆ ಬೆರಕೆಯು ಒಂದು ಮುಖಕ್ಕೆ ನಾಲ್ಕು ಕಣ್ಣುಗಳನ್ನು ಕೊಡುತ್ತದೆ. ಆಪ್ಟಿಕಲ್ ಫ್ಲೋ ಗೆರೆಗಳನ್ನು ಕರಗಿದ ಮೇಣದಂತೆ ಎಳೆಯುತ್ತದೆ. ಆದ್ದರಿಂದ ಅನಿಮೇಷನ್ ಕ್ಲಿಪ್ಪುಗಳಿಗೆ ಯಾವಾಗಲೂ ಮೊದಲ ಆಯ್ಕೆಯನ್ನೇ, ಅಂದರೆ ಪ್ರೀಮಿಯರ್‌ನಲ್ಲಿ ಫ್ರೇಮ್ ಸ್ಯಾಂಪ್ಲಿಂಗ್, ರಿಸಾಲ್ವ್‌ನಲ್ಲಿ ನಿಯರೆಸ್ಟ್ ಎಂಬುದನ್ನೇ ಇಡಿ.

ನಿಜವಾದ ಪರಿಹಾರವಿರುವುದು ಲೆಕ್ಕದಲ್ಲಿ. ಅನಿಮೇಷನ್ನೇ ಮುಖ್ಯವಾಗಿದ್ದು ಹಿನ್ನೆಲೆಯ ವಿಡಿಯೊ ಬರಿಯ ಆಸರೆಯಾಗಿದ್ದರೆ ಟೈಮ್‌ಲೈನನ್ನು 24ಕ್ಕೆ ಇಡಿ. ವಿಡಿಯೊದಲ್ಲಿ ಆಗುವ ಸಣ್ಣ ಏರುಪೇರು ಸಾಮಾನ್ಯವಾಗಿ ಗಮನಕ್ಕೆ ಬರುವುದಿಲ್ಲ. ವಿಡಿಯೊವೇ ಮುಖ್ಯವಾಗಿದ್ದು 30 ಫ್ರೇಮ್ ಬೇಕೇ ಬೇಕು ಎಂದಾದರೆ, ಮುಂದಿನ ಸಲ ಪಾತ್ರವನ್ನು ಸೆಕೆಂಡಿಗೆ 10 ಅಥವಾ 15 ಚಿತ್ರಗಳಂತೆ ಬರೆಯಿರಿ, ಎರಡೂ ಮೂವತ್ತನ್ನು ಶೇಷವಿಲ್ಲದೆ ಭಾಗಿಸುತ್ತವೆ. 25 ಫ್ರೇಮಿನ ಕೆಲಸವಾದರೆ ಈಗಿರುವ ಚಿತ್ರಗಳನ್ನೇ ಸೆಕೆಂಡಿಗೆ 12.5 ಎಂದು ಓದುವಂತೆ ತಂತ್ರಾಂಶಕ್ಕೆ ಹೇಳಬಹುದು. ನಿಮ್ಮ 240 ಚಿತ್ರಗಳು 20 ಸೆಕೆಂಡಿನ ಬದಲು 19.2 ಸೆಕೆಂಡಿನಲ್ಲಿ ಮುಗಿಯುತ್ತವೆ, ನಾಲ್ಕು ಪ್ರತಿಶತದಷ್ಟು ಈ ವೇಗ ಯಾರ ಕಣ್ಣಿಗೂ ಬೀಳುವುದಿಲ್ಲ. ಏನೇ ಆದರೂ ಈ ನಿರ್ಧಾರವನ್ನು ಮೊದಲೇ ಮಾಡಿ, ಏಕೆಂದರೆ ರಿಸಾಲ್ವ್‌ನಲ್ಲಿ ಕ್ಲಿಪ್ಪುಗಳಿರುವ ಟೈಮ್‌ಲೈನಿನ ಫ್ರೇಮ್ ದರವನ್ನು ಆಮೇಲೆ ಬದಲಿಸಲು ಬರುವುದಿಲ್ಲ. ಫೋನಿನ ವಿಡಿಯೊ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ: ಅದು 30 ಎಂದು ಹೇಳಿಕೊಂಡರೂ ಅನೇಕ ವೇಳೆ ಒಳಗೆ ಏರಿಳಿಯುವ ಫ್ರೇಮ್ ದರವಿರುತ್ತದೆ. ಹ್ಯಾಂಡ್‌ಬ್ರೇಕ್‌ನಂತಹ ತಂತ್ರಾಂಶದಿಂದ ಅದನ್ನು ಸ್ಥಿರ ದರಕ್ಕೆ ತಂದುಕೊಂಡ ಮೇಲೆ ಎಡಿಟಿಂಗ್ ಆರಂಭಿಸಿದರೆ ಧ್ವನಿ ಮತ್ತು ಚಿತ್ರ ಬೇರೆಬೇರೆಯಾಗುವ ತಲೆನೋವು ತಪ್ಪುತ್ತದೆ.

ನೀವು ಕೇಳಿಲ್ಲವಾದರೂ ನಡಿಗೆ ಕೆಡಲು ಇನ್ನೊಂದು ಕಾರಣವಿರಬಹುದು. ಪಾತ್ರವು ನಿಂತಲ್ಲೇ ಹೆಜ್ಜೆ ಹಾಕುವಂತೆ ಬರೆದು, ಅದನ್ನು ಪರದೆಯ ಎಡದಿಂದ ಬಲಕ್ಕೆ ಸರಿಸುವ ಕೆಲಸವನ್ನು ಎಡಿಟಿಂಗ್ ತಂತ್ರಾಂಶದ ಕೀಫ್ರೇಮುಗಳಿಗೆ (ಇಂತಹ ಗಳಿಗೆಯಲ್ಲಿ ಇಂತಹ ಸ್ಥಾನ ಎಂದು ಹಾಕುವ ಗುರುತುಗಳಿಗೆ) ಬಿಟ್ಟಿದ್ದೀರಾ? ಹಾಗಿದ್ದರೆ ಚಿತ್ರ ಬದಲಾಗುವುದು ಸೆಕೆಂಡಿಗೆ 12 ಸಲ, ಆದರೆ ಸ್ಥಾನ ಬದಲಾಗುವುದು 24 ಅಥವಾ 30 ಸಲ. ಪಾದವು ನೆಲದ ಮೇಲೆ ಊರಿದಂತೆ ಕಾಣುತ್ತಿರುವಾಗಲೇ ದೇಹ ಮುಂದಕ್ಕೆ ಜಾರುತ್ತದೆ, ಪಾತ್ರ ಮಂಜುಗಡ್ಡೆಯ ಮೇಲೆ ನಡೆದಂತಾಗುತ್ತದೆ. ಸ್ಥಾನ ಬದಲಾವಣೆಯನ್ನೂ ಸೆಕೆಂಡಿಗೆ 12ಕ್ಕೆ ಇಳಿಸಬೇಕು. ಪ್ರೀಮಿಯರ್‌ನಲ್ಲಿ ಸರಿಸಿದ ಕ್ಲಿಪ್ಪನ್ನು ನೆಸ್ಟ್ ಮಾಡಿ (ಒಂದು ಒಳ ಟೈಮ್‌ಲೈನಿನೊಳಗೆ ಸುತ್ತಿ) ಅದರ ಮೇಲೆ ಫ್ರೇಮ್ ದರ ಇಳಿಸುವ ಪೋಸ್ಟರೈಸ್ ಟೈಮ್ ಎಂಬ ಎಫೆಕ್ಟ್ ಹಾಕಿದರೆ ಆಗುತ್ತದೆ. ಬೇರೆಡೆ, 24ರ ಟೈಮ್‌ಲೈನಾದರೆ ಎರಡು ಫ್ರೇಮಿಗೊಂದರಂತೆ, ಮುಂದಿನ ಗುರುತಿನವರೆಗೆ ಸ್ಥಾನವನ್ನು ಹಿಡಿದಿಡುವ ಹೋಲ್ಡ್ ಕೀಫ್ರೇಮುಗಳನ್ನು ಇಡಬೇಕು. ಬೇಸರದ ಕೆಲಸ ನಿಜ, ಆದರೆ ಫಲಿತಾಂಶದಲ್ಲಿ ಅಜಗಜಾಂತರ.

ಇನ್ನು ಕಪ್ಪು ಅಂಚು. ಪಾತ್ರದ ಅಂಚಿನಲ್ಲಿರುವ ಪಿಕ್ಸೆಲ್ಲುಗಳು ಅರೆಪಾರದರ್ಶಕವಾಗಿರುತ್ತವೆ, ಮತ್ತು ಅವುಗಳ ಬಣ್ಣವನ್ನು ಕಡತದಲ್ಲಿ ಬರೆದಿಡಲು ಎರಡು ಪದ್ಧತಿಗಳಿವೆ. ಒಂದರಲ್ಲಿ ಬಣ್ಣವನ್ನು ಪೂರ್ತಿಯಾಗಿಯೇ ಇಟ್ಟು ಪಾರದರ್ಶಕತೆಯನ್ನು ಪ್ರತ್ಯೇಕವಾಗಿ ಬರೆಯುತ್ತಾರೆ. ಇದನ್ನು ಸ್ಟ್ರೇಟ್ ಆಲ್ಫಾ ಎನ್ನುತ್ತಾರೆ. ಇನ್ನೊಂದರಲ್ಲಿ ಬಣ್ಣವನ್ನು ಪಾರದರ್ಶಕತೆಯಿಂದ ಮೊದಲೇ ಗುಣಿಸಿಟ್ಟಿರುತ್ತಾರೆ. ಇದು ಪ್ರೀಮಲ್ಟಿಪ್ಲೈಡ್ ಆಲ್ಫಾ. ಒಂದು ಲೆಕ್ಕ ನೋಡಿ: ಅರ್ಧ ಪಾರದರ್ಶಕವಾದ ಬಿಳಿ ಪಿಕ್ಸೆಲ್ಲಿನ ಬೆಲೆ ಮೊದಲ ಪದ್ಧತಿಯಲ್ಲಿ 255, ಎರಡನೆಯದರಲ್ಲಿ 128. ಎರಡನೆಯ ಪದ್ಧತಿಯ ಕಡತವನ್ನು ಮೊದಲನೆಯದೆಂದು ತಂತ್ರಾಂಶ ತಪ್ಪಾಗಿ ತಿಳಿದರೆ ಈಗಾಗಲೇ ಅರ್ಧವಾಗಿರುವ 128ನ್ನು ಮತ್ತೊಮ್ಮೆ ಅರ್ಧ ಮಾಡಿ 64ಕ್ಕೆ ಇಳಿಸುತ್ತದೆ. ಹಿನ್ನೆಲೆ ಅಚ್ಚ ಬಿಳಿಯಾಗಿದ್ದರೂ ಅಲ್ಲಿ 255ರ ಬದಲು ಸುಮಾರು 192ರ ಬೂದು ಬಣ್ಣ ಬಂದು ಕೂರುತ್ತದೆ. ನೀವು ಕಪ್ಪು ಅಂಚು ಎಂದಿರುವುದು ಇದನ್ನೇ. ತಪ್ಪು ತಿರುಗಾಮುರುಗಾ ಆದರೆ ಅಂಚು ಹೊಳೆಯುತ್ತದೆ.

ರಿಸಾಲ್ವ್‌ನಲ್ಲಿ ಕ್ಲಿಪ್ ಆಟ್ರಿಬ್ಯೂಟ್ಸ್ ಒಳಗೆ, ಪ್ರೀಮಿಯರ್‌ನಲ್ಲಿ ಇಂಟರ್‌ಪ್ರೆಟ್ ಫುಟೇಜ್ ಒಳಗೆ ಈ ಆಯ್ಕೆಯಿದೆ. ಅದನ್ನು ಬದಲಿಸಿದ ಕೂಡಲೇ ಅಂಚು ಮಾಯವಾಗುತ್ತದೆ. ಪಿಎನ್‌ಜಿ ಚಿತ್ರಗಳ ನಿಯಮದ ಪ್ರಕಾರ ಅವುಗಳಲ್ಲಿ ಸ್ಟ್ರೇಟ್ ಆಲ್ಫಾ ಇರಬೇಕು. ಹಾಗಿದ್ದೂ ಪಿಎನ್‌ಜಿ ಸರಣಿಯಲ್ಲಿ (ಪ್ರತಿ ಫ್ರೇಮೂ ಒಂದೊಂದು ಚಿತ್ರಕಡತವಾಗಿರುವ ಸಾಲಿನಲ್ಲಿ) ಕಪ್ಪು ಅಂಚು ಬಂದರೆ, ಚಿತ್ರ ಬರೆದ ತಂತ್ರಾಂಶವೇ ಅಂಚಿಗೆ ಕಪ್ಪನ್ನು ಬೆರೆಸಿದೆ ಎಂದು ಅರ್ಥ. ಅಲ್ಲಿಗೆ ಹೋಗಿ ಮತ್ತೆ ಹೊರತೆಗೆಯುವುದೇ ಮೇಲು.

ಇಲ್ಲಿಂದ ಮುಂದಿನ ಪ್ರಶ್ನೆ, ಅನಿಮೇಷನ್ ತಂತ್ರಾಂಶದಿಂದ ಎಡಿಟಿಂಗಿಗೆ ಯಾವ ರೂಪದಲ್ಲಿ ಸಾಗಿಸಬೇಕು ಎಂಬುದು. ಎಂಪಿ4 ಕಡತಗಳಲ್ಲಿ ಸಾಮಾನ್ಯವಾಗಿರುವ ಎಚ್.264 ಎಂಬ ಕೋಡೆಕ್‌ಗೆ (ವಿಡಿಯೊವನ್ನು ಕುಗ್ಗಿಸಿ ಬರೆಯುವ ಕ್ರಮಕ್ಕೆ) ಸಾಮಾನ್ಯ ಬಳಕೆಯಲ್ಲಿ ಪಾರದರ್ಶಕತೆಯನ್ನು ಹೊರುವ ಶಕ್ತಿಯಿಲ್ಲ. ನಾನು ಪಿಎನ್‌ಜಿ ಸರಣಿಯನ್ನೇ ಮೆಚ್ಚುತ್ತೇನೆ. ಒಂದು ಚಿತ್ರ ತಪ್ಪಿದರೆ ಆ ಒಂದನ್ನೇ ಬದಲಿಸಬಹುದು, ನಡುವೆ ಕಂಪ್ಯೂಟರ್ ನಿಂತರೆ ಅಲ್ಲಿಂದಲೇ ಮುಂದುವರಿಸಬಹುದು. ಕಡತಗಳ ಹೆಸರಿನಲ್ಲಿ 0001, 0002 ಎಂದು ಸೊನ್ನೆಗಳು ಸಮನಾಗಿರಲಿ, ನಡುವೆ ಸಂಖ್ಯೆ ಬಿಟ್ಟುಹೋಗದಿರಲಿ, ಮತ್ತು ಒಳಗೆ ತರುವಾಗ ದರವನ್ನು ನೀವೇ ಹೇಳಿ, ಇಲ್ಲದಿದ್ದರೆ ತಂತ್ರಾಂಶ ತನಗೆ ತೋಚಿದ ದರವನ್ನು ಹಾಕಿಕೊಳ್ಳುತ್ತದೆ. ಒಂದೇ ಕಡತ ಬೇಕಿದ್ದರೆ ಪಾರದರ್ಶಕತೆಯನ್ನೂ ಉಳಿಸುವ ಪ್ರೋರೆಸ್ 4444 ಕೋಡೆಕ್ ಸರಿ. ಹಿಂದೊಮ್ಮೆ ನಾನು ಡಿಸ್ಕಿನಲ್ಲಿ ಜಾಗ ಸಾಲದೆಂದು ಮೂಲ ಚಿತ್ರಗಳ ಸರಣಿಯನ್ನು ಅಳಿಸಿ ಎಂಪಿ4 ಒಂದನ್ನೇ ಉಳಿಸಿಕೊಂಡಿದ್ದೆ. ವಾರದ ನಂತರ ಹಿನ್ನೆಲೆಯ ಬಣ್ಣ ಬದಲಿಸಬೇಕಾಗಿ ಬಂದಾಗ ಇಡೀ ತುಣುಕನ್ನು ಮತ್ತೆ ಬರೆಯಬೇಕಾಯಿತು. 1920×1080 ಗಾತ್ರದ ಪಾರದರ್ಶಕ ಫ್ರೇಮ್ ಒಂದಕ್ಕೆ ಸಂಕುಚಿಸದೆ ಇಟ್ಟರೆ 8.3 ಮೆಗಾಬೈಟ್ ಬೇಕು, 240ಕ್ಕೆ ಹತ್ತಿರಹತ್ತಿರ 2 ಗಿಗಾಬೈಟ್. ಚಪ್ಪಟೆ ಬಣ್ಣಗಳ ಚಿತ್ರವಾದರೆ ಪಿಎನ್‌ಜಿಯಲ್ಲಿ ಅದು ಬಹಳ ಸಣ್ಣದಾಗುತ್ತದೆ. ಆ ಜಾಗಕ್ಕಾಗಿ ಜಿಪುಣತನ ಮಾಡಬೇಡಿ.

ವಿಡಿಯೊದ ಮೂರು ದೋಷಗಳಲ್ಲಿ ಕೆಂಪು ಗೆರೆಗಳು ಮಸುಕಾಗುವುದು ಮಾತ್ರ ನಿಜಕ್ಕೂ ಎಕ್ಸ್‌ಪೋರ್ಟಿನ ವಿಷಯ. ಸಾಮಾನ್ಯ ಎಂಪಿ4 ಕಡತಗಳು 4:2:0 ಎಂಬ ಪದ್ಧತಿಯಲ್ಲಿ ಬಣ್ಣವನ್ನು ಇಡುತ್ತವೆ: ಬೆಳಕಿನ ವಿವರ ಪ್ರತಿ ಪಿಕ್ಸೆಲ್ಲಿಗೂ ಇರುತ್ತದೆ, ಬಣ್ಣದ ವಿವರ ನಾಲ್ಕು ಪಿಕ್ಸೆಲ್ಲಿಗೆ ಒಂದೇ ಇರುತ್ತದೆ. ಕ್ಯಾಮೆರಾದ ದೃಶ್ಯದಲ್ಲಿ ಇದು ತಿಳಿಯುವುದಿಲ್ಲ. ಕಡುನೀಲಿಯ ಮೇಲಿನ ಒಂದೆರಡು ಪಿಕ್ಸೆಲ್ಲಿನ ಕೆಂಪು ಗೆರೆಗೆ ಇದು ಮಾರಕ. ಗೆರೆಯನ್ನು ಸ್ವಲ್ಪ ದಪ್ಪಗೊಳಿಸುವುದು, ಇಲ್ಲವೇ ಗೆರೆಗೂ ಹಿನ್ನೆಲೆಗೂ ಬಣ್ಣದ ಜೊತೆಗೆ ಬೆಳಕಿನಲ್ಲೂ ವ್ಯತ್ಯಾಸವಿರುವಂತೆ ನೋಡಿಕೊಳ್ಳುವುದು ಒಂದು ದಾರಿ. ಉದ್ದ ಅಗಲಗಳೆರಡನ್ನೂ ಇಮ್ಮಡಿ ಮಾಡಿ ಎಕ್ಸ್‌ಪೋರ್ಟ್ ಮಾಡುವುದು ಇನ್ನೊಂದು ದಾರಿ. ಆಗ ಬಣ್ಣದ ವಿವರ ನಿಮ್ಮ ಮೂಲ ಗಾತ್ರದಷ್ಟಾದರೂ ಉಳಿಯುತ್ತದೆ.

ಜಿಐಎಫ್ 1987ರಲ್ಲಿ ಹುಟ್ಟಿದ ಕ್ರಮ. ಒಂದು ಫ್ರೇಮಿಗೆ ಹೆಚ್ಚೆಂದರೆ 256 ಬಣ್ಣಗಳು, ಪಿಕ್ಸೆಲ್ಲು ಪೂರ್ಣ ಪಾರದರ್ಶಕ ಅಥವಾ ಪೂರ್ಣ ಅಪಾರದರ್ಶಕ, ಫ್ರೇಮಿನ ಅವಧಿ ಸೆಕೆಂಡಿನ ನೂರನೇ ಒಂದು ಭಾಗದ ಲೆಕ್ಕದಲ್ಲಿ. ಈ ಕೊನೆಯ ನಿಯಮದಿಂದಾಗಿ ಅದರಲ್ಲಿ 24 ಆಗಲಿ 30 ಆಗಲಿ ಸರಿಯಾಗಿ ಕೂರುವುದೇ ಇಲ್ಲ. ನಿಮ್ಮ 12 ಮಾತ್ರ ಅವಧಿ 8 ಎಂದಿಟ್ಟಾಗ 12.5 ಆಗಿ ಹೆಚ್ಚುಕಡಿಮೆ ಕೂರುತ್ತದೆ. ಆದ್ದರಿಂದ 30 ಫ್ರೇಮಿನ ಟೈಮ್‌ಲೈನಿನಿಂದ ಜಿಐಎಫ್ ತೆಗೆಯಬೇಡಿ, ಮೂಲ ಸರಣಿಯಿಂದಲೇ ತೆಗೆಯಿರಿ. ಕಡತ ಉಬ್ಬಲು ಒಂದು ಕಾರಣ ಡಿದರಿಂಗ್: ಇಲ್ಲದ ಬಣ್ಣಗಳನ್ನು ಇದ್ದಂತೆ ತೋರಿಸಲು ಚುಕ್ಕಿಗಳನ್ನು ಚೆಲ್ಲುವ ಈ ಕ್ರಮವು, ಒಂದೇ ಬಣ್ಣದ ಉದ್ದನೆಯ ಸಾಲುಗಳಿದ್ದಾಗ ಚೆನ್ನಾಗಿ ಕುಗ್ಗುವ ಜಿಐಎಫ್ ಸಂಕೋಚನಕ್ಕೆ ಪರಮಶತ್ರು. ಚಪ್ಪಟೆ ಬಣ್ಣದ ಪಾತ್ರಕ್ಕೆ ಅದನ್ನು ಪೂರ್ತಿ ನಿಲ್ಲಿಸಿ. ವಿಡಿಯೊ ಪರಿವರ್ತಿಸುವ ಎಫ್‌ಎಫ್‌ಎಂಪೆಗ್ ತಂತ್ರಾಂಶದಲ್ಲಿ ಪ್ಯಾಲೆಟ್‌ಜೆನ್ ಮತ್ತು ಪ್ಯಾಲೆಟ್‌ಯೂಸ್ ಎಂಬ ಎರಡು ಫಿಲ್ಟರುಗಳಿವೆ. ಮೊದಲನೆಯದು ನಿಮ್ಮ ತುಣುಕಿಗೇ ಹೊಂದುವ ಬಣ್ಣಗಳ ಪಟ್ಟಿ ಮಾಡುತ್ತದೆ, ಎರಡನೆಯದು ಅದನ್ನು ಹಚ್ಚುತ್ತದೆ. ಆದರೂ 20 ಸೆಕೆಂಡು ಜಿಐಎಫ್‌ಗೆ ಹೆಚ್ಚೇ. ಹಿನ್ನೆಲೆಯ ವಿಡಿಯೊ ಕೂಡ ಅದರೊಳಗೆ ಸೇರಬೇಕಿದ್ದರೆ ಜಿಐಎಫ್ ಕೈಬಿಟ್ಟು ಧ್ವನಿಯಿಲ್ಲದ ಎಂಪಿ4 ಕೊಡಿ. ಬ್ರೌಸರಿನಲ್ಲಿ ಪಾರದರ್ಶಕತೆ ಬೇಕಿದ್ದರೆ ವಿಪಿ9 ಕೋಡೆಕ್ ಬಳಸುವ ವೆಬ್‌ಎಂ ಎಂಬ ವಿಡಿಯೊ ಕಡತವಿದೆ, ಆದರೆ ಅದನ್ನು ಎಲ್ಲ ಬ್ರೌಸರುಗಳಲ್ಲಿ ಪರೀಕ್ಷಿಸಿ ನೋಡಿದ ಮೇಲೆಯೇ ನಂಬಿ. ಲೂಪ್ ಆಗಬೇಕಾದ ತುಣುಕಾದರೆ ಮೊದಲ ಚಿತ್ರವೇ ಕೊನೆಯಲ್ಲೂ ಮತ್ತೊಮ್ಮೆ ಇರದಂತೆ ನೋಡಿಕೊಳ್ಳಿ, ಇದ್ದರೆ ಪ್ರತಿ ಸುತ್ತಿನಲ್ಲೂ ಒಂದು ಮುಗ್ಗರಿಕೆ ಬರುತ್ತದೆ.

ಎಲ್ಲ ಸರಿಯಾಯಿತೇ ಎಂದು ನೋಡಲು ಪ್ಲೇ ಮಾಡಿ ನೋಡುವುದು ಸಾಲದು. ಎಕ್ಸ್‌ಪೋರ್ಟ್ ಆದ ಕಡತವನ್ನು ಅದೇ ಟೈಮ್‌ಲೈನಿಗೆ ಮರಳಿ ತಂದು ಎಲ್ಲಕ್ಕಿಂತ ಮೇಲಿನ ಟ್ರ್ಯಾಕಿನಲ್ಲಿಟ್ಟು ಬ್ಲೆಂಡ್ ಮೋಡನ್ನು (ಮೇಲಿನ ಚಿತ್ರ ಕೆಳಗಿನದರೊಡನೆ ಬೆರೆಯುವ ರೀತಿಯನ್ನು) ಡಿಫರೆನ್ಸ್‌ಗೆ ಬದಲಿಸಿ. ಮೂಲಕ್ಕೂ ಇದಕ್ಕೂ ವ್ಯತ್ಯಾಸವಿಲ್ಲದಿದ್ದರೆ ಪರದೆ ಬಹುಮಟ್ಟಿಗೆ ಕಪ್ಪಾಗಿರುತ್ತದೆ. ಗೆರೆಗಳ ಉದ್ದಕ್ಕೂ ಮಾತ್ರ ಬಣ್ಣ ಮಿನುಗಿದರೆ ಅದು 4:2:0ರ ಕೆಲಸ, ಇಡೀ ಪರದೆ ಬೂದಾಗಿದ್ದರೆ ವಿಡಿಯೊ ಬಳಸುವ 16ರಿಂದ 235ರ ಮತ್ತು ಕಂಪ್ಯೂಟರ್ ಚಿತ್ರಗಳು ಬಳಸುವ 0ಯಿಂದ 255ರ ಬಣ್ಣದ ಮಟ್ಟಗಳು ಅದಲುಬದಲಾಗಿವೆ, ಪಾತ್ರದ ಇಡೀ ಆಕಾರವೇ ಆಗಾಗ ಕಾಣಿಸಿಕೊಂಡು ಮರೆಯಾದರೆ ಫ್ರೇಮುಗಳು ಸರಿದಿವೆ, ಮೊದಲ ಲೆಕ್ಕಕ್ಕೇ ವಾಪಸು ಹೋಗಬೇಕು.